ಕತ್ತೆ ನಿಷೇಧಿಸಿದ ಪದ

ಮನೆಯ ಮುಂಬಾಗಿಲಲ್ಲಿ ಕತ್ತೆ ಕಾವಲಿತ್ತು. ಬಾಗಿಲ ಒಳಗಿನ ಅಂಗಳದಲ್ಲಿರುವುದನ್ನು ಯಾರು ಕೇಳಿದರೂ ತಂದುಕೊಡುವುದು ಅದರ ಕೆಲಸ. ಬೇಡಿಕೆ ‘ಅಂಗಳ’ ಎಂದು ಶುರುವಾದರೆ ಸಾಕು, ಮುಂದಿನದನ್ನು ಅದು ವಿಚಾರಿಸುತ್ತಲೇ ಇರಲಿಲ್ಲ.

ನರಿ ಬಂದು ಕೈಮುಗಿಯಿತು. “ಅಂಗಳಕ್ಕೆ ಹೋಗಿ, ಅದನ್ನು ದಾಟಿ, ಹಿತ್ತಲಿನ ಗೂಡಿನಲ್ಲಿರುವುದನ್ನು ತನ್ನಿ ಸ್ವಾಮಿ.”

ಕತ್ತೆ ಹುಂಜವನ್ನು ತಂದುಕೊಟ್ಟಿತು.

ಕೋಳಿಗಳು ಬೊಬ್ಬೆ ಹಾಕಿದವು. ಕತ್ತೆ ಗಂಭೀರವಾಗಿ ಸಾರಿತು: “ಇನ್ನು ಮುಂದೆ ‘ಹಿತ್ತಲು’ ಎಂದವರಿಗೆ ಒದೆ. ನಿಶ್ಚಿಂತೆಯಿಂದ ಮಲಗಿ.”

ಮರುದಿನ ನರಿ ಮತ್ತೆ ಬಂತು. “ಛೆ, ಆ ಕೆಟ್ಟ ಪದ ನಾನಾಡುವುದಿಲ್ಲ. ಅಂಗಳಕ್ಕೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಕೊಕ್ಕೊಕ್ಕೊ ಕೇಳಿಸುವವರೆಗೆ ನೆಟ್ಟಗೆ ನಡೆಯಿರಿ. ಕೂಗಿದವರನ್ನು ಕರೆತನ್ನಿ.”

ಕತ್ತೆಯ ಬೆನ್ನೇರಿ ಬಂದ ಹೇಂಟೆ ನರಿಯನ್ನು ಕಂಡು ಕಿರುಚಿತು: “ಅಯ್ಯೋ, ನಾನು ಹಿತ್ತಲಿನವಳು ಕಣಯ್ಯಾ!”

“ಬಾಯಿ ಮುಚ್ಚು!” ಕತ್ತೆ ಗದರಿತು. “ಆ ಪದಕ್ಕೆ ಇಲ್ಲಿ ಒದೆ ಬೀಳುತ್ತದೆ.”