ಬಣ್ಣದ ಕೆಳಗಿನ ಸಂಖ್ಯೆ

"ಗುರುಗಳೇ, ಮೊದಲಿದ್ದವರಿಗಿಂತ ದೊಡ್ಡವರನ್ನು ತಂದು ಕೂರಿಸಿದರೆ ಅದು ತಪ್ಪಾಗುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಅವನು ಆಶ್ರಮದ ಶಾಲೆಯನ್ನು ನೋಡಿಕೊಳ್ಳುತ್ತಿದ್ದನು. ಒಂದನೆಯ ತರಗತಿಗೆ ಅಕ್ಷರ ಕಲಿಸುತ್ತಿದ್ದ ವೃದ್ಧ ಉಪಾಧ್ಯಾಯರು ತೀರಿಕೊಂಡಿದ್ದರು. ಅವರ ಜಾಗಕ್ಕೆ ಅವನು ಹೆಸರಾಂತ ವಿದ್ವಾಂಸರೊಬ್ಬರನ್ನು ನೇಮಿಸಿದ್ದನು. ಮೂರು ತಿಂಗಳೊಳಗೆ ಹನ್ನೊಂದು ಮಕ್ಕಳು ಶಾಲೆ ಬಿಟ್ಟಿದ್ದರು.

"ವಿದ್ವಾಂಸರಲ್ಲಿ ಕೊರತೆಯಿಲ್ಲ. ಮಕ್ಕಳಿಗೇ ಯೋಗ್ಯತೆ ಸಾಲದು," ಎಂದೂ ಸೇರಿಸಿದನು.

ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದರು. "ಬಾಯಿ ಮುಚ್ಚಿ ಕೇಳು," ಎಂದರು.

ಒಬ್ಬ ವ್ಯಾಪಾರಿಗೆ ತಂದೆಯ ಕಾಲದ ಲಾರಿಯೊಂದಿತ್ತು. ಒಂದು ದಿನ ಅದರ ಎಂಜಿನ್ ಒಡೆಯಿತು. ರಿಪೇರಿ ಮಾಡುವಂತಿರಲಿಲ್ಲ. ವ್ಯಾಪಾರಿ ಮೆಕ್ಯಾನಿಕನನ್ನು ಕರೆಸಿ, ಅಂಥದೇ ಇನ್ನೊಂದು ಎಲ್ಲಿ ಸಿಗುತ್ತದೆ ಎಂದು ಕೇಳಿದನು.

"ಅಂಥದೇ ಎಂದರೆ ಯಾವುದು, ಧಣಿ? ಈ ಕಂಪನಿಯವರು ಇದನ್ನು ಮೂರು ಬಗೆಯಲ್ಲಿ ಮಾಡಿದ್ದಾರೆ. ಒಂದು ಸಣ್ಣ ಲಾರಿಗೆ, ಒಂದು ಭಾರಿ ಲಾರಿಗೆ, ಒಂದು ನೀರೆತ್ತುವ ಪಂಪಿಗೆ. ಹೊರಗಿನಿಂದ ಮೂರೂ ಒಂದೇ. ಒಳಗೆ ಸಿಲಿಂಡರಿನ ಅಗಲ ಬೇರೆ, ಬಲ ಬೇರೆ. ಹಳೆಯ ಎಂಜಿನ್ನಿನ ಮೈಮೇಲೆ ಸಂಖ್ಯೆ ಕೊರೆದಿರುತ್ತದೆ. ಅದನ್ನು ಓದಿದರೆ ನಿಮ್ಮ ಲಾರಿ ಎಷ್ಟು ಬಲ ತಾಳುತ್ತದೆ ಎಂದು ಹೇಳುತ್ತೇನೆ."

ಸಂಖ್ಯೆ ಕಾಣುತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಎಂಜಿನ್ನಿಗೆ ಹೊಸ ಬಣ್ಣ ಬಳಿಯುವುದು ಆ ಮನೆಯ ಪದ್ಧತಿ. ಮೂವತ್ತು ವರ್ಷಗಳ ಬಣ್ಣ ಅದರ ಮೇಲೆ ಕೂತಿತ್ತು. ಮೆಕ್ಯಾನಿಕನು ಕೆರೆಯಲು ಉಳಿ ತೆಗೆದನು.

"ಮುಟ್ಟಬೇಡ! ಅದು ಪೂಜೆಯ ಬಣ್ಣ. ನಮ್ಮಪ್ಪ ಕೈಯಾರೆ ಬಳಿದದ್ದು."

"ಹಾಗಾದರೆ ಪೂಜೆಯನ್ನೇ ಮಾಡಿಕೊಂಡಿರಿ. ರಸ್ತೆಗೆ ಇಳಿಸಬೇಡಿ," ಎಂದು ಮೆಕ್ಯಾನಿಕನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದನು.

ವ್ಯಾಪಾರಿ ಗುಜರಿ ಅಂಗಡಿಗೆ ಹೋದನು. ಅದೇ ಆಕಾರದ್ದರಲ್ಲಿ ಎಲ್ಲಕ್ಕಿಂತ ಬಲವಾದ ಎಂಜಿನ್ನನ್ನು ಆರಿಸಿ ತಂದು ಬೇರೊಬ್ಬನಿಂದ ಕೂರಿಸಿದನು. ಬೋಲ್ಟುಗಳೆಲ್ಲ ಸರಿಯಾಗಿ ಕೂತವು. ಅವನಿಗೆ ಅಷ್ಟು ಸಾಕಾಯಿತು.

ಆ ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದ್ದ ಚಾಲಕನು ಮರುದಿನವೇ ಬಂದನು. "ಧಣಿ, ಗೇರ್ ಹಾಕಿದಾಗಲೆಲ್ಲ ಕೆಳಗೆ ಏನೋ ನರಳುತ್ತದೆ. ಒಮ್ಮೆ ಬಿಚ್ಚಿ ನೋಡಿಸಿ."

"ಇಷ್ಟು ದಿನ ಕತ್ತೆ ಹೊಡೆದವನಿಗೆ ಕುದುರೆ ಕೊಟ್ಟರೆ ಹೀಗೇ. ಎಂಜಿನ್ ಗಟ್ಟಿಯಾಗಿದೆ. ನಿನ್ನ ಎದೆ ಗಟ್ಟಿಯಿಲ್ಲ. ನಡೆ."

ಚಾಲಕನು ಸಿಮೆಂಟ್ ಹೇರಿಕೊಂಡು ಘಟ್ಟ ಹತ್ತಿದನು. ಹೊಸ ಎಂಜಿನ್ನಿನ ಬಲವನ್ನು ಹಳೆಯ ಗೇರ್ ಬಾಕ್ಸ್ ಆರು ತಿರುವುಗಳವರೆಗೆ ತಾಳಿತು. ಏಳನೆಯ ತಿರುವಿನಲ್ಲಿ ಅದರ ಹಲ್ಲುಗಳು ಮುರಿದವು. ಲಾರಿ ಹಿಂದಕ್ಕೆ ಜಾರಿತು. ಆ ಭಾರಕ್ಕೆ ಬ್ರೇಕ್ ಹಿಡಿಯಲಿಲ್ಲ. ಚಾಲಕನು ಪ್ರಪಾತದ ಕಡೆಗೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿದನು. ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ.

ವ್ಯಾಪಾರಿ ಆಸ್ಪತ್ರೆಗೆ ಹೋಗಲಿಲ್ಲ. ನೇರವಾಗಿ ಮೆಕ್ಯಾನಿಕನ ಅಂಗಡಿಗೆ ಹೋಗಿ ಕೂಗಾಡಿದನು. "ಅಷ್ಟು ಒಳ್ಳೆಯ ಎಂಜಿನ್ ಹಾಕಿಸಿದ್ದೆ! ಆ ದರಿದ್ರ ಗೇರ್ ಬಾಕ್ಸು ಕೈಕೊಟ್ಟಿತು!"

ಮೆಕ್ಯಾನಿಕನು ಉಳಿ ಹಿಡಿದು ವ್ಯಾಪಾರಿಯ ಕೊಟ್ಟಿಗೆಗೆ ನಡೆದನು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಎಂಜಿನ್ನನ್ನು ಕೆರೆದನು. ಈ ಸಲ ವ್ಯಾಪಾರಿ ತಡೆಯಲಿಲ್ಲ. ಸಂಖ್ಯೆ ಕಾಣಿಸಿತು. ಅದು ಮೂರರಲ್ಲಿ ಅತಿ ಕಡಿಮೆ ಬಲದ, ಸಣ್ಣ ಲಾರಿಯ ಎಂಜಿನ್ನಿನ ಸಂಖ್ಯೆ.

"ನೀವು ತಂದ ಎಂಜಿನ್ ಈಗಲೂ ಚೆನ್ನಾಗಿಯೇ ಇದೆ, ಧಣಿ. ಅದನ್ನು ತಾಳಿಕೊಳ್ಳಬೇಕಾದದ್ದು ಮುರಿಯಿತು. ಎಷ್ಟು ತಾಳುತ್ತದೆ ಎಂಬುದು ನಿಮ್ಮ ಮನೆಯಲ್ಲೇ ಬರೆದಿತ್ತು. ಮೂವತ್ತು ವರ್ಷ ಅದರ ಮುಂದೆ ಕೈಮುಗಿದಿರಿ. ಒಂದು ದಿನವೂ ಓದಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು.

"ಆ ವ್ಯಾಪಾರಿ ಮೂರ್ಖ, ಗುರುಗಳೇ," ಎಂದನು ಶಿಷ್ಯನು. "ನಾನು ಓದದೆ ಆರಿಸಿದವನಲ್ಲ. ವಿದ್ವಾಂಸರ ಪದವಿ ಪತ್ರಗಳನ್ನು ಒಂದೊಂದಾಗಿ ಓದಿದ್ದೇನೆ. ಎಲ್ಲವೂ ನನಗೆ ಬಾಯಿಪಾಠ."

"ಆ ಹನ್ನೊಂದು ಮಕ್ಕಳ ಹೆಸರು ಹೇಳು," ಎಂದರು ಗುರುಗಳು.