ತಂಬಿಗೆಯ ಹೊಟ್ಟೆಯಲ್ಲೊಂದು ಕಪ್ಪು

ನದಿ ದಂಡೆಯ ಮೇಲೆ ಅಡಿವೆವ್ವ ಎಂಬ ಮುದುಕಿಯ ಆಶ್ರಮವಿತ್ತು. ಆಶ್ರಮ ಅಂದರೆ ಏನು ಮಹಾ, ಒಂದು ಜಗಲಿ, ಒಂದು ಮುತ್ತುಗದ ಮರ. ಮಂತ್ರವಿಲ್ಲ, ತಂತ್ರವಿಲ್ಲ. ಪೆನ್ಸಿಲ್ ಹಿಡಿದು ಕಂಡದ್ದನ್ನು ಕಂಡ ಹಾಗೆ ಚಿತ್ರ ಬರೆಯುವುದೊಂದೇ ಅಲ್ಲಿನ ಪಾಠ.

ಅಲ್ಲಿಗೆ ಮೌನೇಶ ಕಲಿಯಲು ಬಂದ. ಕಂಚುಗಾರರ ಮನೆಯವನು. ಬುದ್ಧಿ ಬಂದಾಗಿನಿಂದ ಹಿತ್ತಾಳೆ ತಿಕ್ಕಿದ ಕೈ ಅವನದು. ಆ ಮನೆಯಲ್ಲಿ ಪಾತ್ರೆಯ ಮೇಲೆ ಚೂರು ಕಪ್ಪು ಉಳಿದರೂ ಅವತ್ತು ಊಟಕ್ಕೆ ಮೊದಲು ಬೈಗುಳ.

ಆಶ್ರಮದಲ್ಲಿ ಬಿಟ್ಟುಹೋಗುವಾಗ ಅಣ್ಣ ಕಾಳಪ್ಪ ಅವನ ಕೈಗೊಂದು ಹಿತ್ತಾಳೆ ತಂಬಿಗೆ ಕೊಟ್ಟಿದ್ದ.

"ದೀಪಾವಳಿಗೆ ಬರ್ತೀನಿ. ಅಷ್ಟರಾಗ ಇದನ್ನ ಹೊಳಿಯೂ ಹಂಗ ಹಾಳಿ ಮ್ಯಾಲೆ ಬರದು ತೋರ್ಸು. ಆಗಲಿಲ್ಲಂದ್ರ ಸುಮ್ನ ಮನಿಗೆ ಬಂದು ಖರೇ ತಂಬಿಗಿ ತಿಕ್ಕು."

ಮೌನೇಶನಿಗೆ ಆ ಮನೆಗೆ, ಆ ಬೂದಿ-ಹುಣಸೆಹಣ್ಣಿಗೆ ಮರಳಲು ಸುತರಾಂ ಮನಸ್ಸಿರಲಿಲ್ಲ. ಕೂತು ಬರೆದ. ಕಂಠ ಬಂತು, ಹೊಟ್ಟೆಯ ಉರುಟು ಬಂತು. ಹೊಳಪೊಂದು ಬರಲೊಲ್ಲದು. ಎಷ್ಟು ಬರೆದರೂ ಅದು ಮಣ್ಣಿನ ಗಡಿಗೆಯೇ.

ಹೊಳಪು ಹೇಗೆ ಬರುತ್ತದೆ? ತಿಕ್ಕಿದರೆ ಬರುತ್ತದೆ! ಅಷ್ಟು ಗೊತ್ತಾಗದೆ ಹೋಯಿತಲ್ಲ ಎಂದು ಅವನು ಬೆರಳಿಗೆ ಅರಿವೆ ಸುತ್ತಿಕೊಂಡು ಪೆನ್ಸಿಲ್ಲಿನ ಮಸಿಯನ್ನು ಹಾಳೆಗೆ ತಿಕ್ಕಿದ, ಚಮಚದ ಬೆನ್ನಿನಿಂದ ತೀಡಿದ. ಹಾಳೆ ಮಿಂಚಿತು. ಓಡಿದ.

"ಅವ್ವಾ, ಹೊಳೀತು!"

ಅಡಿವೆವ್ವ ಹಾಳೆಯನ್ನು ಓರೆಯಾಗಿ ಹಿಡಿದಳು. ಮಿಂಚಿತು. ನೇರ ಹಿಡಿದಳು.

"ಈಗ?"

"ಈಗ... ಬೂದಿ ಕಂಡಂಗ ಕಾಣ್ತೈತಿ."

"ಮೊದಲು ಮಿಂಚಿದ್ದು ತಂಬಿಗಿನೋ ಪೆನ್ಸಿಲ್ಲೋ?"

ಮೌನೇಶ ಮಸಿ ಹತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡ.

"ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಬಿಡು," ಎಂದು ಮುದುಕಿ ನಕ್ಕಳು. "ಹಾಳಿ ಏನು ಪಾಪ ಮಾಡಿತ್ತೋ."

ಮರುದಿನ ಅವನು ರಬ್ಬರು ಹಿಡಿದು ಚಿತ್ರದ ತಂಬಿಗೆಯ ಹೊಟ್ಟೆಯನ್ನೆಲ್ಲ ಬಿಳಿ ಮಾಡಿಕೊಂಡು ಬಂದ.

"ಸುಣ್ಣ ಯಾಕ ಬಳದಿ?" ಎಂದಳು ಅಡಿವೆವ್ವ.

ಅವಳು ಊಟದ ಎಲೆ ಹಚ್ಚುತ್ತ ಕೂತಿದ್ದಳು. ಒಂದು ಮುತ್ತುಗದ ಎಲೆಗೆ ಕಡ್ಡಿಯಿಂದ ಸಣ್ಣ ತೂತು ಮಾಡಿ ಅವನ ಕೈಗೆ ಕೊಟ್ಟಳು.

"ಇದರಾಗಿಂದ ತಂಬಿಗಿ ನೋಡು. ಕಂಠದ ಕೆಳಗ ಏನೈತಿ?"

"ಬಿಳಿ."

"ಅದರ ಮಗ್ಗಲಕ?"

"ಕಪ್ಪು." ಅವನೇ ಬೆಚ್ಚಿದ. "ಅಬ್ಬಾ, ಕಾಡಿಗಿಯಂಥ ಕಪ್ಪು!"

"ಹಿತ್ತಾಳಿ ಎಲ್ಲೈತಿ?"

ಮೌನೇಶ ತೂತಿನಿಂದ ತಂಬಿಗೆಯನ್ನೆಲ್ಲ ಜಾಲಾಡಿದ. ಮೇಲೆ ನೋಡಿದ, ಕೆಳಗೆ ನೋಡಿದ. ಕಳೆದುಹೋದ ದನ ಹುಡುಕಿದ ಹಾಗೆ ಹುಡುಕಿದ.

"ಹಿತ್ತಾಳಿನೇ ಇಲ್ಲವ್ವಾ! ಆಕಾಶ ಐತಿ, ಜಗಲಿ ಕಂಬ ಐತಿ, ನದಿ ಐತಿ."

"ಮತ್ತ ಅದನ್ನ ಬರಿ."

ಅವತ್ತಿನಿಂದ ಅವನಿಗೆ ಊಟ-ನಿದ್ದೆ ನೆನಪಿರಲಿಲ್ಲ. ಜಗಲಿಯ ಒಳಗೋಡೆಗೆ ತಂಬಿಗೆ ಇಟ್ಟು, ನದಿಗೆ ಬೆನ್ನು ಹಾಕಿ ಕೂತು ಬರೆದ. ಆಕಾಶವಿದ್ದಲ್ಲಿ ಪೆನ್ಸಿಲ್ ಮುಟ್ಟಿಸಲಿಲ್ಲ. ನೆಟ್ಟಗಿನ ಕಂಬ ತಂಬಿಗೆಯೊಳಗೆ ಬಾಗಿ ನಿಂತಿತ್ತು, ಬಾಗಿದ ಹಾಗೆಯೇ ಬರೆದ. ಇಷ್ಟು ದಿನ ತಿಕ್ಕಿದ ತಂಬಿಗೆಯೊಳಗೆ ಇಷ್ಟೆಲ್ಲ ಇತ್ತೇ ಎಂದು ಅವನಿಗೆ ಸೋಜಿಗವೋ ಸೋಜಿಗ.

ಆದರೆ ತಂಬಿಗೆಯ ನಟ್ಟನಡುವೆ ಒಂದು ಕಪ್ಪು ಗಂಟು ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ, ಹೋಗಲಿಲ್ಲ. ಎಡಕ್ಕೆ ಸರಿದು ನೋಡಿದ, ಅದೂ ಸರಿಯಿತು. ಎಲಾ ಇದರ, ಎಂದು ಬೈದು, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದ. ಚಿತ್ರದ ನಡುವೆ ಅಷ್ಟು ಜಾಗ ಖಾಲಿಯೇ ಉಳಿಯಿತು. ದೀಪಾವಳಿ ನಾಳೆಗೆ ಬಂದಿತ್ತು.

"ಅವ್ವಾ, ಎಲ್ಲಾ ಬರದೀನಿ. ಆದ್ರೂ ಜೀವ ಬರವಲ್ದು. ನಾಳೆ ಅಣ್ಣ ನನ್ನ ಕರಕೊಂಡು ಹೋಗ್ತಾನ," ಎನ್ನುವಾಗ ಅವನ ಕಣ್ಣು ತುಂಬಿತು.

"ಒಂದು ಬಿಟ್ಟೀಯಲ್ಲ."

"ಅದು ಕಿಲುಬವ್ವಾ. ಎಷ್ಟು ತಿಕ್ಕಿದ್ರೂ ಹೋಗವಲ್ದು."

ಅಡಿವೆವ್ವ ಅವನನ್ನು ತಂಬಿಗೆಯ ಮುಂದೆ ಕೂರಿಸಿದಳು.

"ಕೈ ಎತ್ತು."

ಅವನು ಎತ್ತಿದ. ಕಿಲುಬೂ ಕೈ ಎತ್ತಿತು.

ಮೌನೇಶ ಕೈ ಇಳಿಸುವುದನ್ನೇ ಮರೆತ. "ಅಯ್ಯ ಶಿವನ! ನಾನು ಇಷ್ಟು ಕಪ್ಪಾ?"

"ಬೆಳಕಿಗೆ ಬೆನ್ನು ಹಾಕಿ ಕುಂತೀ. ಮತ್ತ ಹೆಂಗಿರ್ತಿ?"

ಅವಳು ಎದ್ದು ಒಳಗೆ ಹೋದಳು. ಅವನು ಇದ್ದುದರಲ್ಲೇ ಕಪ್ಪನೆಯ ಪೆನ್ಸಿಲ್ ಎತ್ತಿಕೊಂಡ. ಅಷ್ಟು ಬಿಳುಪಿನ ನಡುವೆ ಅಷ್ಟು ಕಪ್ಪು ಇಡಲು ಅವನಿಗೆ ಭಯವಾಯಿತು. ಕಪ್ಪು ತೆಗೆಯಲು ಕಲಿತ ಕೈ ಅದು, ಇಡಲು ಕಲಿತದ್ದಲ್ಲ. ಕಣ್ಣು ಮುಚ್ಚಿ ತೆರೆದು, ಒತ್ತಿ ಬರೆದ.

ಬೆಳಿಗ್ಗೆ ಕಾಳಪ್ಪ ಬಂದ. ಕೂಡು ಅಂದರೂ ಕೂಡಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. "ಎಲ್ಲಿ ತೋರ್ಸು," ಎಂದು ಚಿತ್ರ ಇಸಿದುಕೊಂಡ.

ಪಾತ್ರೆ ಪರೀಕ್ಷೆ ಮಾಡುವವನ ಹಾಗೆ ಅದನ್ನು ಬೆಳಕಿಗೆ ಹಿಡಿದ. ಕಂಠ ನೋಡಿದ, ತಳ ನೋಡಿದ, ಅಂಚು ನೋಡಿದ.

ಕಡೆಗೆ ಕಾಳಪ್ಪ ಲೊಚಗುಟ್ಟಿದ.

"ಎಲ್ಲಾ ಛಲೋ ತಿಕ್ಕಿದಿ. ನಡುವ ಒಂಚೂರು ಕಿಲುಬು ಹಂಗ ಬಿಟ್ಟೀ ನೋಡು."

ಹಾಗೆಂದವನೇ ಹೆಗಲ ಮೇಲಿನ ಟವೆಲ್ಲಿನ ಚುಂಗನ್ನು ಹೆಬ್ಬೆರಳಿಗೆ ಸುತ್ತಿದ, ಹಾಳೆಯ ಮೇಲೆ ಹಾ ಎಂದು ಉಸಿರು ಬಿಟ್ಟ, ತಿಕ್ಕಲು ಬಾಗಿದ.

ಅಡಿವೆವ್ವ ಅವನ ಮಣಿಕಟ್ಟು ಹಿಡಿದಳು.

"ತಿಕ್ಕಬ್ಯಾಡಪಾ. ಅದು ನಿನ್ನ ತಮ್ಮ. ಅಂವ ಅಲ್ಲಿ ಕಪ್ಪಾಗಿ ಕುಂತಿದ್ದಕ್ಕ ತಂಬಿಗಿ ಹೊಳೀತೈತಿ."