ಎದುರುಮನೆಯ ಹಾಲುಗಂಬ

“ಬುದ್ಧಿ, ನನ್ನ ಜೊತೆಯ ಶಿಷ್ಯ ಗುರುಪಾದ ಮಾಡುವುದನ್ನೆಲ್ಲ ನಾನೂ ಮಾಡುತ್ತೇನೆ. ಅವನು ಏಳುವ ಹೊತ್ತಿಗೇ ಏಳುತ್ತೇನೆ. ಅವನು ಉಪವಾಸವಿದ್ದ ದಿನ ನಾನೂ ಇರುತ್ತೇನೆ. ಅವನ ಮುಖಕ್ಕೆ ಒಂದು ಕಳೆ ಬಂತು, ನನಗೆ ಬಂದದ್ದು ಹೊಟ್ಟೆಯುರಿ ಮಾತ್ರ. ಹೀಗೇಕೆ?”

ಶಿಷ್ಯ ಚನ್ನವೀರ ಹೀಗೆ ಕೇಳಿದಾಗ ಮಠದ ಗುರುಗಳು ನಕ್ಕರು. “ಅಂತೂ ಬಾಯಿಬಿಟ್ಟೆಯಲ್ಲ ಮಾರಾಯ, ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಅವನಿಗೆ ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೆ ಎದುರುಮನೆಯಲ್ಲಿ ಒಬ್ಬ ಮೇಷ್ಟ್ರಿದ್ದರು, ಅದೇ ಅವನ ಕಷ್ಟ. ಮೇಷ್ಟ್ರ ಮನೆಗೆ ಸುಣ್ಣಬಣ್ಣವಾದರೆ ಇವನ ಗೋಡೆ ಇವನಿಗೇ ಮಾಸಲಾಗಿ ಕಾಣುತ್ತಿತ್ತು. ಅವರ ಮನೆಯ ಒಗ್ಗರಣೆ ಘಮಗುಟ್ಟಿದರೆ ಇವನಿಗೆ ತನ್ನ ಎಲೆಯ ಊಟ ಸಪ್ಪೆ. ಪಾಪ, ಅದೆಂಥ ಬಾಳು ನೋಡು!

ಒಂದು ವರ್ಷ ಎರಡೂ ಮನೆಗಳಲ್ಲಿ ಮಗಳ ಮದುವೆ ಕೂಡಿಬಂತು. ಮೇಷ್ಟ್ರ ಮಗಳದು ಮೊದಲು. ಅಂಗಳದಲ್ಲಿ ಗುಂಡಿ ತೋಡಿ ಹಾಲುಗಂಬ ನೆಟ್ಟು ಪೂಜೆ ಮಾಡದೆ ಆ ಕಡೆ ಮದುವೆ ಶುರುವಾಗುವುದಿಲ್ಲ. ಆದರೆ ಆ ಬೀದಿಯಲ್ಲಿ ಅಡುಗೆಯ ಗ್ಯಾಸು ನೆಲದೊಳಗಿನ ಪೈಪಿನಲ್ಲಿ ಮನೆಮನೆಗೆ ಬರುತ್ತಿತ್ತು. ಅಗೆಯುವ ಮುಂಚೆ ಫೋನ್ ಮಾಡಿ ಎಂದು ಬೀದಿಯ ತುದಿಯ ಹಳದಿ ಕಲ್ಲಿನ ಮೇಲೆ ನಂಬರು ಬರೆದಿತ್ತು. ಮೇಷ್ಟ್ರು ಫೋನ್ ಮಾಡಿದರು, ಗ್ಯಾಸಿನವರು ಬರುವ ತನಕ ಕಾದರು. ಅವರು ಬಂದು ಪೈಪು ಹೋದ ದಾರಿಗೆ ಸುಣ್ಣದ ಗೆರೆ ಎಳೆದರು. ಗೆರೆ ಬಾಗಿಲ ಬಲಕ್ಕಿತ್ತು. ಮೇಷ್ಟ್ರು ಎಡಕ್ಕೆ ಗುಂಡಿ ತೋಡಿಸಿ ಕಂಬ ನೆಟ್ಟರು. ಅದರ ಮೇಲೆ ಎದ್ದ ಚಪ್ಪರವನ್ನು ಬೀದಿಗೆ ಬೀದಿಯೇ ಹೊಗಳಿತು.

ವ್ಯಾಪಾರಿ ಆ ಮದುವೆಯ ಊಟಕ್ಕೆ ಕೂತ, ಒಂದು ತುತ್ತೂ ರುಚಿಸಲಿಲ್ಲ. ಕಣ್ಣೆಲ್ಲ ಆ ಕಂಬದ ಮೇಲೆ. ಇಷ್ಟೊಂದು ಕಳೆ ಇವರಿಗೇ ಯಾಕೆ ಬರಬೇಕು? ಎಡಕ್ಕೆ ನೆಟ್ಟದ್ದರಿಂದಲೇ ಬಂತು ಎಂದು ಅವನ ಮನಸ್ಸು ಹಟ ಹಿಡಿಯಿತು. ತನ್ನ ಮನೆಯ ಸರದಿ ಬಂದಾಗ ಆಳನ್ನು ಕರೆದು, “ನಮ್ಮದೂ ಎಡಕ್ಕೇ. ಅವರದಕ್ಕಿಂತ ಆಳ ಇರಲಿ, ಅವರದಕ್ಕಿಂತ ಎತ್ತರ ಇರಲಿ” ಎಂದ.

“ಗ್ಯಾಸಿನವರನ್ನು ಒಂದು ಮಾತು ಕೇಳಬಾರದಾ? ಮೇಷ್ಟ್ರು ಕೇಳಿದ್ದರಂತೆ” ಎಂದಳು ಹೆಂಡತಿ.

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ವ್ಯಾಪಾರಿ ಸಿಡಿದ. “ಅವರು ಗೆರೆ ಹಾಕಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ ಕಣೇ. ಎಡಕ್ಕೆ ಪೈಪಿಲ್ಲ. ಇನ್ನು ಕೇಳುವುದೇನು? ಅವರಿಗೊಂದು ನೆಲ, ನಮಗೊಂದು ನೆಲವಾ?”

ನೆಲ ಒಂದೇ ಇರಬಹುದಪ್ಪ, ಮನೆಗಳು ಮುಖಾಮುಖಿ ಅಲ್ಲವೇ? ವಾಸ್ತು ಬಿಡುವವರು ಯಾರು, ಎರಡೂ ಮನೆಗಳಲ್ಲಿ ಅಡುಗೆಮನೆ ಆಗ್ನೇಯಕ್ಕೇ ಇತ್ತು. ಮೇಷ್ಟ್ರು ಮನೆಯಿಂದ ಹೊರಬಂದರೆ ಆಗ್ನೇಯ ಅವರ ಬಲಕ್ಕೆ. ವ್ಯಾಪಾರಿ ಹೊರಬಂದರೆ ಅದೇ ಆಗ್ನೇಯ ಅವನ ಎಡಕ್ಕೆ. ಪೈಪು ಹೋಗಬೇಕಾದ್ದು ಅಡುಗೆಮನೆಗೆ ತಾನೇ? ಇಷ್ಟು ಸಣ್ಣ ವಿಷಯ ಅವನಿಗೆ ಹೊಳೆಯಲಿಲ್ಲ. ಅವನು ತನ್ನ ಅಂಗಳವನ್ನು ನೋಡಿಯೇ ಇರಲಿಲ್ಲ.

ಆಳು ಅಗೆಯುವುದು ನಿಧಾನವೆನಿಸಿ ಹಾರೆಯನ್ನು ತಾನೇ ಕಿತ್ತುಕೊಂಡ. ಮೇಷ್ಟ್ರು ತಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದಾರೆಂದು ತಿಳಿದು, ಅವರಿಗೆ ಕಾಣಲೆಂದೇ ಎತ್ತಿ ಎತ್ತಿ ಹಾಕಿದ. ಹಾರೆ ಏನನ್ನೋ ಸೀಳಿತು. ಗುಂಡಿಯೊಳಗಿಂದ ಬುಸ್ಸೆಂದು ಗಾಳಿ ನುಗ್ಗಿತು, ಗ್ಯಾಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಮದುಮಗಳು ಕಂಬದ ಪೂಜೆಗೆಂದು ಹಚ್ಚಿದ ದೀಪದ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು.

“ದೀಪ ತರಬೇಡ ತಾಯೀ! ಹಿಂದಕ್ಕೆ ಹೋಗು, ಹಿತ್ತಲ ಬಾಗಿಲಿಂದ ಓಡು!” ಎಂದು ಮೇಷ್ಟ್ರು ಬೀದಿಯಾಚೆಯಿಂದ ಕಿರುಚಿದರು.

ಹುಡುಗಿ ಬಂದ ಹಾಗೆಯೇ ಹಿಂದಕ್ಕೆ ಓಡಿದಳು. ವ್ಯಾಪಾರಿ ಗುಂಡಿಗೆ ಗೋಣಿ ತುರುಕಲು ಬಗ್ಗಿದ. “ಮುಟ್ಟಬೇಡಿ ಸಾಹುಕಾರ್ರೇ! ಸ್ವಿಚ್ಚನ್ನೂ ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೇ ಬಿಟ್ಟು ಎಲ್ಲರೂ ದೂರ ಬನ್ನಿ!” ಎಂದು ಮೇಷ್ಟ್ರು ಕೂಗಿದರು. ತಾವು ಬೀದಿಯ ತುದಿಗೆ ಓಡಿ ಅಲ್ಲಿಂದ ಫೋನ್ ಮಾಡಿದರು. ಗ್ಯಾಸಿನವರು ಬಂದು ಲೈನು ಬಂದ್ ಮಾಡುವ ತನಕ ಮದುವೆಮನೆಗೆ ಮದುವೆಮನೆಯೇ ಅಲ್ಲಿ ನಿಂತಿತ್ತು.

“ಮೇಷ್ಟ್ರು ಇಲ್ಲದಿದ್ದರೆ ನನ್ನ ಮಗಳು ಇವತ್ತು ಸುಟ್ಟುಹೋಗುತ್ತಿದ್ದಳು” ಎಂದು ಹೆಂಡತಿ ಗೋಳಾಡಿದಳು. ವ್ಯಾಪಾರಿ ಮಗಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದ, ಗಳಗಳನೆ ಅತ್ತ. ಅಳುತ್ತಲೇ ಕತ್ತೆತ್ತಿದಾಗ ಬಂಧುಬಳಗವೆಲ್ಲ ಮೇಷ್ಟ್ರನ್ನು ಸುತ್ತುವರಿದು ಕೈಮುಗಿಯುವುದು ಕಾಣಿಸಿತು. ಅಯ್ಯೋ ದೇವರೇ, ಅದನ್ನು ಕಂಡು ಅವನಿಗೆ ಮತ್ತೆ ಹೊಟ್ಟೆ ಉರಿಯಿತು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಚನ್ನವೀರ, “ತಿಳಿಯಿತು ಬುದ್ಧಿ. ನನ್ನ ನೆಲದಲ್ಲಿ ಏನಿದೆ ಎಂದು ಕೇಳದೆಯೇ ಅಗೆಯುತ್ತಿದ್ದೆ” ಎಂದು ಕಾಲಿಗೆರಗಿ ಎದ್ದ. ಎದ್ದವನು ಬಾಗಿಲಲ್ಲಿ ತಡೆದು ನಿಂತು, ಮೆಲ್ಲಗೆ ಕೇಳಿದ. “ಬುದ್ಧಿ, ಈ ಕತೆಯನ್ನು ಗುರುಪಾದನಿಗೂ ಹೇಳಿದ್ದೀರಾ?”

“ಇಷ್ಟು ಕೇಳಿದ ಮೇಲೂ ನಿನ್ನ ಕಣ್ಣು ಎದುರುಮನೆಯ ಮೇಲೇ ಇದೆಯಲ್ಲೋ” ಎಂದರು ಗುರುಗಳು.